ಸಾಕಿದ ಸಾಲ್ಮನ್ ಮರಿಗಳನ್ನು ನದಿಗೆ ಬಿಟ್ಟರೆ ಸಂತತಿ ಹೆಚ್ಚಬೇಕಲ್ಲ, ವಿರೋಧ ಯಾಕೆ?

ಮೀನಿನ ಲೆಕ್ಕ ಹೆಚ್ಚಬಹುದು, ಆದರೆ ನದಿಯಲ್ಲಿ ತಾನಾಗಿ ಬದುಕಬಲ್ಲ ತಳಿ ದುರ್ಬಲವಾಗುತ್ತದೆ. ಮುಖ್ಯ ತಕರಾರು ಇದೇ.

ಸಾಕುವ ತೊಟ್ಟಿಯಲ್ಲಿ ಬೇಟೆಯಾಡುವ ಹಕ್ಕಿಯಿಲ್ಲ, ಆಹಾರ ಮೇಲಿನಿಂದ ಬೀಳುತ್ತದೆ. ಹಾಗಾಗಿ ನೆರಳು ಕಂಡರೆ ಕಲ್ಲಿನ ಸಂದಿಗೆ ನುಗ್ಗುವ ಬದಲು ಬಾಯ್ದೆರೆದು ಮೇಲೆ ಬರುವ ಮರಿಯೂ ಉಳಿದುಕೊಳ್ಳುತ್ತದೆ. ಇಂಥವು ಬೆಳೆದು ನದಿಯಲ್ಲೇ ಹುಟ್ಟಿದ ಮೀನಿನ ಜೊತೆ ಕೂಡಿದಾಗ ಆ ಗುಣ ಸಂತತಿಗೂ ಇಳಿಯುತ್ತದೆ. ಅಮೆರಿಕದ ಒರೆಗಾನ್‌ನ ಹುಡ್ ನದಿಯಲ್ಲಿ, ಸಾಲ್ಮನ್ ಕುಲದ್ದೇ ಆದ ಸ್ಟೀಲ್‌ಹೆಡ್ ಮೀನುಗಳ ಡಿಎನ್‌ಎ ಪರೀಕ್ಷಿಸಿದ 2007ರ ಅಧ್ಯಯನದಲ್ಲಿ, ಸಾಕಣೆಯಲ್ಲಿ ಕಳೆದ ಪ್ರತಿ ತಲೆಮಾರಿಗೆ ಸಂತಾನ ಬೆಳೆಸುವ ಸಾಮರ್ಥ್ಯ ಸುಮಾರು 40% ಕುಸಿದಿತ್ತು.

ಸಂತತಿ ಅಳಿಯುವ ಹಂತದಲ್ಲಿದ್ದರೆ ಕೆಲಕಾಲ ಮರಿ ಬಿಡುವುದನ್ನು ನಾನು ಒಪ್ಪುತ್ತೇನೆ. ಆದರೆ ಸಮುದ್ರದಿಂದ ನದಿಗೆ ಮರಳುವ ಮೀನಿನ ದಾರಿಗೆ ಅಡ್ಡವಾದ ಅಣೆಕಟ್ಟು, ಮೊಟ್ಟೆಯಿಡುವ ಜಲ್ಲಿಯ ಮೇಲೆ ಕೂತ ಹೂಳು ಹಾಗೇ ಉಳಿದರೆ ಪ್ರತಿ ವರ್ಷವೂ ಮರಿ ಸುರಿಯುತ್ತಲೇ ಇರಬೇಕಾಗುತ್ತದೆ.