ಗೋಲ್ ಹಿಂದಿನ ಅಗ್ಗದ ಟಿಕೆಟ್ ಮೊದಲ ಸಲಕ್ಕೆ ಬೇಡ

ಬೆಂಗಳೂರಿನಿಂದ ಬಂದು ಟೋಕಿಯೋದ ನಿಶಿಕಸಾಯ್‌ನಲ್ಲಿ ಮನೆ ಹಿಡಿದಿದ್ದೀರಿ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡಕ್ಕಾಗಿ ಗಂಟಲು ಹರಿದುಕೊಂಡ ಅಭ್ಯಾಸ. ಇಲ್ಲಿ ಜೆ ಲೀಗ್, ಅಂದರೆ ಜಪಾನಿನ ಫುಟ್‌ಬಾಲ್ ಲೀಗ್, ನೋಡಬೇಕು, ಹೆಂಡತಿ ಮತ್ತು ಆರು ವರ್ಷದ ಮಗಳೂ ಬರುತ್ತಾರೆ, ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಯಾವ ಸ್ಟೇಡಿಯಂ, ಟಿಕೆಟ್ ಹೇಗೆ, ತಿನ್ನಲು ಏನು ಸಿಗುತ್ತದೆ, ಹೊರದೇಶದವರನ್ನು ಹೇಗೆ ನೋಡುತ್ತಾರೆ ಅಂತ ಕೇಳಿದ್ದೀರಿ. ಗೋಲ್ ಹಿಂದಿನ ಸೀಟು ಎಲ್ಲಕ್ಕಿಂತ ಅಗ್ಗ, ಅದನ್ನೇ ತೆಗೆದುಕೊಳ್ಳಲಾ ಅನ್ನುವುದು ಕೊನೆಯ ಪ್ರಶ್ನೆ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ಬೇಡ. ಮಗಳನ್ನು ಕರೆದುಕೊಂಡು ಹೋಗುವಾಗಲಂತೂ ಖಂಡಿತ ಬೇಡ. ಇಲ್ಲಿ ಟಿಕೆಟ್ ಮೇಲೆ ಯಾವ ವಿಭಾಗ ಅಂತ ಬರೆದಿರುತ್ತದೋ ಅದರ ಮೇಲೆ ನೀವು ಯಾವ ಬಣ್ಣದ ಅಂಗಿ ಹಾಕಬಹುದು, ಕೂರಬಹುದೋ ನಿಂತಿರಲೇಬೇಕೋ, ಎದುರಾಳಿ ಗೋಲ್ ಹೊಡೆದರೆ ಚಪ್ಪಾಳೆ ತಟ್ಟಬಹುದೋ ಎಲ್ಲ ತೀರ್ಮಾನವಾಗುತ್ತದೆ. ಹಾಗಾಗಿ ತಂಡಕ್ಕಿಂತ ಮೊದಲು ಸೀಟು ಆರಿಸಿಕೊಳ್ಳಿ.

ಗೋಲ್ ಹಿಂದಿನ ಜಾಗಕ್ಕೆ ಇಲ್ಲಿ ಗೋರು-ಉರಾ ಅನ್ನುತ್ತಾರೆ. ಅದರ ನಟ್ಟನಡುವೆ ಸಣ್ಣ ಕಟ್ಟೆಯ ಮೇಲೆ ಕಾಲ್ ಲೀಡರ್ ಮೈದಾನಕ್ಕೆ ಬೆನ್ನು ಹಾಕಿ, ಮೆಗಾಫೋನ್ ಹಿಡಿದು ನಿಂತಿರುತ್ತಾನೆ. ಪಕ್ಕದಲ್ಲಿ ಡೋಲು. ಅವನು ಎತ್ತಿಕೊಂಡ ಹಾಡನ್ನು ಇಡೀ ಸ್ಟ್ಯಾಂಡ್ ಹಿಡಿಯುತ್ತದೆ. ತಂಡ ಮೂರು ಗೋಲ್ ಹಿಂದಿದ್ದರೂ ಹಾಡು ನಿಲ್ಲುವುದಿಲ್ಲ. 90 ನಿಮಿಷವೂ ನಿಂತೇ ಇರಬೇಕು, ಕುಣಿಯಬೇಕು, ದೊಡ್ಡ ಬಾವುಟ ಮುಖದ ಮುಂದೆ ಬೀಸುತ್ತಿದ್ದರೆ ಸಹಿಸಿಕೊಳ್ಳಬೇಕು. ಸುಮ್ಮನೆ ಕೈಕಟ್ಟಿ ನಿಂತವರನ್ನು, ಜನರ ಮುಖಕ್ಕೆ ಫೋನ್ ಹಿಡಿದು ವಿಡಿಯೋ ಮಾಡುವವರನ್ನು ಕಂಡರೆ ಅಲ್ಲಿನವರಿಗೆ ಆಗುವುದಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಮುಖದಲ್ಲಿ ಗೊತ್ತಾಗುತ್ತದೆ. ನಡುವಿನಿಂದ ಕಾರ್ನರ್ ಕಡೆ ಸರಿದಷ್ಟೂ ಬಿಗಿ ಸಡಿಲವಾಗುತ್ತದೆ.

ಈ ಜಾಗ ಬಹಳ ಕಡೆ ನಂಬರಿಲ್ಲದ ಸೀಟು, ಮೊದಲು ಬಂದವರಿಗೆ ಮೊದಲು. ಅದಕ್ಕೇ ಸಾಲಿನ ವ್ಯವಸ್ಥೆಯೇ ಒಂದು ಪ್ರತ್ಯೇಕ ಲೋಕ. ಹೆಸರು ಬರೆದ ಹಾಳೆಯನ್ನೋ ಪ್ಲಾಸ್ಟಿಕ್ ಶೀಟನ್ನೋ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಮೊದಲೇ ಜಾಗ ಹಿಡಿಯುತ್ತಾರೆ. ಎಷ್ಟು ಗಂಟೆಯಿಂದ ಅಂಟಿಸಬಹುದು, ಎಂಥ ಟೇಪ್, ಒಂದು ಶೀಟಿಗೆ ಎಷ್ಟು ಜನ ಅನ್ನುವುದನ್ನು ಪ್ರತಿ ಕ್ಲಬ್ ತನ್ನ ಪುಟದಲ್ಲಿ ಹಾಕಿರುತ್ತದೆ. ಆಟದ ದಿನ ಹೇಳಿದ ಹೊತ್ತಿಗೆ ಸರಿಯಾಗಿ ಸಾಲನ್ನು ಒತ್ತರಿಸುತ್ತಾರೆ. ಆಗ ಶೀಟ್ ಹತ್ತಿರ ನಿಮ್ಮವರು ಯಾರೂ ಇಲ್ಲದಿದ್ದರೆ ಜಾಗ ಹೋಯಿತು ಅಂತಲೇ ಲೆಕ್ಕ. ಗೇಟು ತೆರೆಯುವುದು ಸಾಮಾನ್ಯವಾಗಿ ಆಟಕ್ಕೆ ಎರಡು ಗಂಟೆ ಮುಂಚೆ.

ಬಣ್ಣದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೋಮ್ ವಿಭಾಗದಲ್ಲಿ ಎದುರಾಳಿ ತಂಡದ ಜೆರ್ಸಿ, ಟವೆಲ್, ಕೀಚೈನ್ ಸಹ ಕಾಣುವಂತಿಲ್ಲ. ಕೆಲವು ಕ್ಲಬ್‌ಗಳಲ್ಲಿ ಎದುರಾಳಿಯ ಬಣ್ಣದ ಸಾದಾ ಅಂಗಿಗೂ ತಡೆ ಉಂಟು. ನಿಮ್ಮ ಬಿಎಫ್‌ಸಿ ನೀಲಿ ಜೆರ್ಸಿ ಹಾಕಿಕೊಂಡು ಉರಾವಾ ರೆಡ್ಸ್ ಆಡುವ ಸೈತಾಮಾ ಸ್ಟೇಡಿಯಂಗೆ ಹೋದಿರಿ ಅಂದುಕೊಳ್ಳಿ. ಅವತ್ತು ಎದುರಾಳಿ ನೀಲಿಯನ್ನೇ ತೊಡುವ ಯೋಕೊಹಾಮಾ ಎಫ್. ಮರಿನೋಸ್ ಅಥವಾ ಗಾಂಬಾ ಒಸಾಕಾ ಆಗಿದ್ದರೆ ಸೆಕ್ಯುರಿಟಿಯವರು ವಿನಯದಿಂದ, ಆದರೆ ಪಟ್ಟು ಬಿಡದೆ, ಅದರ ಮೇಲೆ ಏನಾದರೂ ಹಾಕಿಕೊಳ್ಳಿ ಅನ್ನುತ್ತಾರೆ. ಕಪ್ಪು, ಬೂದು ಬಣ್ಣದಲ್ಲಿ ಹೋದರೆ ಹೆಚ್ಚುಕಡಿಮೆ ಎಲ್ಲಿಯೂ ತಕರಾರಿಲ್ಲ. ಎರಡೂ ಕಡೆಯವರು ಒಟ್ಟಿಗೆ ಕೂರಬಹುದಾದ ಮಿಕ್ಸ್ ಸೀಟು ಬಹಳ ಸ್ಟೇಡಿಯಂಗಳಲ್ಲಿ ಇರುತ್ತದೆ. ನಿಮಗೆ ಹೇಳಿ ಮಾಡಿಸಿದ್ದು ಅದು, ಇಲ್ಲವೇ ಮೇನ್ ಸ್ಟ್ಯಾಂಡ್ ಅಥವಾ ಎದುರಿನ ಬ್ಯಾಕ್ ಸ್ಟ್ಯಾಂಡಿನ ನಂಬರ್ ಇರುವ ಸೀಟು. ಗೋಲ್ ಹಿಂದಿನದಕ್ಕೂ ಇದಕ್ಕೂ ಸಾವಿರ ಎರಡು ಸಾವಿರ ಯೆನ್ ವ್ಯತ್ಯಾಸ ಬರಬಹುದು. ಬೇಡಿಕೆ ನೋಡಿ ದರ ಏರಿಸುವ ಪದ್ಧತಿ ಈಗ ಅನೇಕ ಕ್ಲಬ್‌ಗಳಲ್ಲಿ ಇರುವುದರಿಂದ ತಡ ಮಾಡಿದರೆ ಇನ್ನೂ ಹೆಚ್ಚಾಗಬಹುದು.

ಇನ್ನು ಸ್ಟೇಡಿಯಂ. ನಿಶಿಕಸಾಯ್‌ನಿಂದ ಲೆಕ್ಕ ಹಾಕಿದರೆ ಮೊದಲ ಆಟಕ್ಕೆ ಎಫ್‌ಸಿ ಟೋಕಿಯೋ ಮತ್ತು ಟೋಕಿಯೋ ವೆರ್ಡಿ ಇಬ್ಬರೂ ಆಡುವ ಅಜಿನೊಮೊಟೊ ಸ್ಟೇಡಿಯಂ ಸುಲಭ. ತೋಜಾಯ್ ಲೈನಿನಲ್ಲಿ ಕುದನ್‌ಶಿತಾಗೆ ಹೋಗಿ, ಅಲ್ಲಿ ಕೆಯೊ ಲೈನಿಗೆ ನೇರ ಹೋಗುವ ತೊಯೆಯ್ ಶಿಂಜುಕು ರೈಲು ಹಿಡಿದು ತೊಬಿತಾಕ್ಯೂನಲ್ಲಿ ಇಳಿಯಿರಿ. ಮಾಮೂಲು ದಿನ ಅಲ್ಲಿ ವೇಗದ ರೈಲುಗಳು ನಿಲ್ಲುವುದಿಲ್ಲ, ಆಟದ ದಿನ ಹೆಚ್ಚುವರಿಯಾಗಿ ನಿಲ್ಲಿಸುತ್ತಾರೆ. ಇಳಿದು ಐದು ನಿಮಿಷ ನಡೆದರೆ ಗೇಟು. ಒಂದೇ ಕೊರತೆ, ಸೀಟಿನಿಂದ ಮೈದಾನ ಸ್ವಲ್ಪ ದೂರ.

ಸೈತಾಮಾ ಸ್ಟೇಡಿಯಂ 2001ರಲ್ಲಿ ತೆರೆದದ್ದು, 60 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ, ಫುಟ್‌ಬಾಲಿಗೆಂದೇ ಕಟ್ಟಿದ ಮೈದಾನ. ಏಷ್ಯಾ ಚಾಂಪಿಯನ್ಸ್ ಲೀಗ್ ಮೂರು ಸಲ ಗೆದ್ದ ಉರಾವಾ ರೆಡ್ಸ್ ಮನೆ ಇದು. ಸದ್ದು, ಬಣ್ಣ ಎರಡರಲ್ಲೂ ದೇಶದಲ್ಲಿ ಇದಕ್ಕೆ ಸಾಟಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೋಜಾಯ್‌ನಿಂದ ಈದಾಬಾಶಿ, ಅಲ್ಲಿಂದ ನಂಬೊಕು ಲೈನ್. ಬೋರ್ಡಿನಲ್ಲಿ ಉರಾವಾ-ಮಿಸೊನೊ ಅಂತ ಇರುವ ರೈಲನ್ನೇ ಹತ್ತಿ. ಕೆಲವು ರೈಲುಗಳು ಅಕಾಬಾನೆ-ಇವಾಬುಚಿಯಲ್ಲೋ ಹತೊಗಾಯಾದಲ್ಲೋ ಕೊನೆಯಾಗುತ್ತವೆ. ಇಳಿದ ಮೇಲೆ ಇಪ್ಪತ್ತು ನಿಮಿಷ ನಡಿಗೆ, ಮಗಳ ಕಾಲಿಗೆ ಇನ್ನೂ ಸ್ವಲ್ಪ ಹೆಚ್ಚು. ಚಾವಣಿ ಮೇನ್ ಮತ್ತು ಬ್ಯಾಕ್ ಸ್ಟ್ಯಾಂಡಿನ ಮೇಲೆ ಮಾತ್ರ ಇದೆ. ಗೋಲ್ ಹಿಂದೆ ಕೂತವರು ಮಳೆ ಬಂದರೆ ನೆನೆಯುವುದೇ.

ಯೋಕೊಹಾಮಾದ ನಿಸ್ಸಾನ್ ಸ್ಟೇಡಿಯಂ 72 ಸಾವಿರ ಜನ ಹಿಡಿಸುತ್ತದೆ, 2002ರ ವಿಶ್ವಕಪ್ ಫೈನಲ್ ಆದದ್ದು ಇಲ್ಲೇ. ಆದರೆ ಕಂಠೀರವದ ಹಾಗೆ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲುಗಳಿಂದ ಎದುರು ಬದಿಯ ಆಟ ಸರಿಯಾಗಿ ಕಾಣದು. ಅಲ್ಲಿ ಮೇಲಿನ ಅಂತಸ್ತೇ ವಾಸಿ. ಕಟ್ಟಡಪ್ರಿಯರಿಗೆ ಒಂದು ಮಾತು: ಈ ಸ್ಟೇಡಿಯಂ ತ್ಸುರುಮಿ ನದಿಯ ನೆರೆನೀರು ತುಂಬಿಸಿಕೊಳ್ಳುವ ತಗ್ಗಿನಲ್ಲಿ ಕಂಬಗಳ ಮೇಲೆ ನಿಂತಿದೆ. 2019ರ ಅಕ್ಟೋಬರ್ 12ರ ಚಂಡಮಾರುತದಲ್ಲಿ ಸುತ್ತಲಿನ ತಗ್ಗೆಲ್ಲ ನೀರು ತುಂಬಿತು, ಮರುದಿನ ಸಂಜೆ ಮೇಲೆ ಜಪಾನ್–ಸ್ಕಾಟ್ಲೆಂಡ್ ರಗ್ಬಿ ವಿಶ್ವಕಪ್ ಪಂದ್ಯ ನಡೆಯಿತು.

ಆಟಗಾರರ ಕೂಗಾಟ ಕಿವಿಗೆ ಬೀಳುವಷ್ಟು ಹತ್ತಿರ ಕೂರಬೇಕೆಂದರೆ ಟೋಕಿಯೋ ಪಕ್ಕದ ಕಾಶಿವಾ ಊರಿಗೆ ಹೋಗಿ. ಸುಮಾರು 15 ಸಾವಿರದ ಪುಟ್ಟ ಮೈದಾನ, ಸ್ಟೇಷನ್ನಿನಿಂದ ಇಪ್ಪತ್ತು ನಿಮಿಷ ನಡಿಗೆ. ಚಿಕ್ಕದಾದ್ದರಿಂದ ಟಿಕೆಟ್ ಬೇಗ ಖಾಲಿ.

ಟಿಕೆಟ್ ವಿಷಯಕ್ಕೆ ಬಂದರೆ, ಮೊದಲು ಜೆ ಲೀಗ್ ಐಡಿ ಮಾಡಿಕೊಳ್ಳಿ, ಅದರಿಂದ ಲೀಗಿನದೇ ಟಿಕೆಟ್ ತಾಣಕ್ಕೆ ಹೋಗಬಹುದು. ಮಾರಾಟ ಹಂತಹಂತವಾಗಿ: ಸೀಸನ್ ಟಿಕೆಟ್‌ನವರಿಗೆ, ಆಮೇಲೆ ಫ್ಯಾನ್ ಕ್ಲಬ್ ಸದಸ್ಯರಿಗೆ, ಕೊನೆಗೆ ಎಲ್ಲರಿಗೂ. ಸಾರ್ವಜನಿಕ ಮಾರಾಟ ಹೆಚ್ಚಾಗಿ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ನಮ್ಮವರು ಎಡವುವುದು ಮೂರು ಕಡೆ. ಮೊದಲನೆಯದು ಹೆಸರು. ನೋಂದಣಿಯಲ್ಲಿ ಕಟಕಾನಾ ಲಿಪಿಯಲ್ಲಿ, ಅದೂ ಪೂರ್ಣ ಅಗಲದ ಅಕ್ಷರದಲ್ಲೇ, ಹೆಸರು ಕೇಳುತ್ತಾರೆ. ಬ್ಯಾಂಕ್ ಖಾತೆಯಲ್ಲಿ ಹೇಗೆ ಬರೆಸಿದ್ದೀರೋ ಹಾಗೇ ಬರೆದರೆ ಮುಂದೆ ತಾಪತ್ರಯ ಇರುವುದಿಲ್ಲ. ಎರಡನೆಯದು ಕಾರ್ಡು. ಭಾರತದ ಕಾರ್ಡ್ ಹಾಕಿದರೆ ಓಟಿಪಿ ಊರಿನ ಸಿಮ್ಮಿಗೆ ಹೋಗುತ್ತದೆ, ಅದು ಬಂದು ಮುಟ್ಟುವಷ್ಟರಲ್ಲಿ ಸೀಟು ಕೈತಪ್ಪುತ್ತದೆ. ಇಲ್ಲಿನ ಕಾರ್ಡ್ ಸಿಗುವವರೆಗೆ ಕೊಂಬಿನಿಯಲ್ಲಿ, ಅಂದರೆ ಸೆವೆನ್ ಇಲೆವೆನ್, ಫ್ಯಾಮಿಲಿಮಾರ್ಟ್ ಥರದ ಅಂಗಡಿಯಲ್ಲಿ, ನಗದು ಕಟ್ಟುವ ಆಯ್ಕೆ ಹಿಡಿಯಿರಿ. ಅದಕ್ಕೆ ಗಡುವು ಇರುತ್ತದೆ, ದಾಟಿದರೆ ಬುಕ್ಕಿಂಗ್ ತಾನಾಗೇ ರದ್ದು. ಮೂರನೆಯದು, ಮೂರೂ ಟಿಕೆಟ್ ಒಬ್ಬರ ಫೋನಿನಲ್ಲೇ ಇಟ್ಟುಕೊಳ್ಳುವುದು. ಹೆಂಡತಿಯ ಟಿಕೆಟನ್ನು ಹಂಚುವ ಲಿಂಕ್ ಮೂಲಕ ಮೊದಲೇ ಅವರ ಫೋನಿಗೆ ಕಳಿಸಿಬಿಡಿ. ಗೇಟಿನ ಹತ್ತಿರ ಸಾವಿರಾರು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಕ್ಯೂಆರ್ ಪುಟವನ್ನು ಸ್ಟೇಷನ್ನಿನಲ್ಲೇ ತೆರೆದಿಟ್ಟುಕೊಳ್ಳಿ.

ಮಗಳ ಟಿಕೆಟಿಗೆ ವಯಸ್ಸಿಗಿಂತ ಶಾಲೆಯೇ ಮುಖ್ಯ. ಪ್ರಾಥಮಿಕ ಶಾಲೆಗೆ ಇನ್ನೂ ಸೇರಿಲ್ಲದ ಮಗು ತೊಡೆಯ ಮೇಲೆ ಕೂರುವುದಾದರೆ ಬಹಳ ಕಡೆ ಟಿಕೆಟ್ ಬೇಡ, ಸೇರಿದ್ದರೆ ಮಕ್ಕಳ ದರ. ಬರಲಾಗದಿದ್ದರೆ ಅಧಿಕೃತ ಮರುಮಾರಾಟದ ವ್ಯವಸ್ಥೆ ಇದೆ. ಹೆಚ್ಚು ಬೆಲೆಗೆ ಬೇರೆಯವರಿಗೆ ಮಾರುವುದರ ವಿರುದ್ಧ 2019ರಿಂದ ಕಾನೂನೇ ಇದೆ, ಆಫೀಸಿನ ವಾಟ್ಸಾಪ್ ಗುಂಪಿನಲ್ಲೂ ಆ ಸಾಹಸ ಬೇಡ.

ಲೀಗಿನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. 1993ರಲ್ಲಿ ಹತ್ತು ಕ್ಲಬ್‌ಗಳಿಂದ ಶುರುವಾದದ್ದು ಈಗ ಜೆ1, ಜೆ2, ಜೆ3 ಎಂಬ ಮೂರು ಹಂತ ಸೇರಿ 60. ಮಿತ್ಸುಬಿಷಿ, ನಿಸ್ಸಾನ್, ಯೊಮಿಯುರಿ ಮುಂತಾದ ಕಂಪನಿಗಳ ತಂಡಗಳೇ ಮೂಲ. ಆದರೆ ಕ್ಲಬ್ಬಿನ ಹೆಸರಿನಲ್ಲಿ ಊರಿರಬೇಕು, ಕಂಪನಿ ಇರಕೂಡದು ಅಂತ ಲೀಗ್ ಪಟ್ಟು ಹಿಡಿಯಿತು. ಇಲ್ಲಿನ ಅಭಿಮಾನ ಊರಿನ ಲೆಕ್ಕದಲ್ಲಿ ಓಡುವುದು ಆ ಕಾರಣಕ್ಕೇ. ಸೀಸನ್ ಕೊನೆಗೆ ಜೆ1ನ ತಳದ ಮೂರು ತಂಡ ಜೆ2ಗೆ ಇಳಿಯುತ್ತವೆ. ನಮ್ಮ ಇಂಡಿಯನ್ ಸೂಪರ್ ಲೀಗ್ ನೋಡಿ ಬಂದವರಿಗೆ ಈ ಇಳಿಯುವ ಭಯ ಹೊಸದು. ಸೀಸನ್ ಕೊನೆಯ ವಾರಗಳಲ್ಲಿ ಹದಿನೇಳನೇ ಸ್ಥಾನದ, ಅಂದರೆ ಇಳಿಯದೆ ಉಳಿಯುವ ಕೊನೆಯ ಸ್ಥಾನದ, ಪಂದ್ಯ ಪ್ರಶಸ್ತಿ ಪಂದ್ಯಕ್ಕಿಂತ ಬಿಸಿಯಾಗಿರುತ್ತದೆ. ವೇಳಾಪಟ್ಟಿಯೂ ಬದಲಾಗಿದೆ: ಫೆಬ್ರವರಿಯಿಂದ ಡಿಸೆಂಬರ್ ಅನ್ನುವ ಹಳೆಯ ಕ್ರಮ ಬಿಟ್ಟು 2026ರ ಆಗಸ್ಟ್‌ನಿಂದ ಮರುವರ್ಷದ ಬೇಸಿಗೆಯ ಆರಂಭದವರೆಗೆ, ನಡುವೆ ಚಳಿಗಾಲದ ಬಿಡುವು. ಹಿಮ ಬೀಳುವ ಉತ್ತರದ ಊರುಗಳ ಕ್ಲಬ್‌ಗಳಿಗೆ ಇದು ಅಷ್ಟು ಹಿಡಿಸಿಲ್ಲ. ಮನೆಯಲ್ಲಿ ನೋಡಲು ಆನ್‌ಲೈನ್ ಪ್ರಸಾರ ಸೇವೆಯಾದ ಡಾಜ಼ೋನ್ ಬೇಕು. ತಿಂಗಳ ಲೆಕ್ಕಕ್ಕಿಂತ ವರ್ಷದ ಚಂದಾ ಸ್ವಲ್ಪ ಅಗ್ಗ.

ಊಟ. ಸ್ಟೇಡಿಯಂ ಹೊರಗೆ ಸಾಲುಸಾಲು ಅಂಗಡಿ ಇರುತ್ತವೆ, ಊರೂರಿನ ವಿಶೇಷ ಸಿಗುತ್ತದೆ, ಬೇರೆಯವರಿಗೆ ಅದೇ ಒಂದು ಜಾತ್ರೆ. ನಿಮಗೆ ಮಾತ್ರ ಕಷ್ಟ. ಹುರಿದ ನೂಡಲ್ಸ್ ಯಾಕಿಸೊಬಾದಲ್ಲಿ ಹಂದಿಮಾಂಸ, ದಪ್ಪ ನೂಡಲ್ಸ್ ಉದೊನ್‌ನ ಸಾರಿನಲ್ಲಿ ದಾಶಿ ಎಂಬ ಮೀನಿನ ರಸ, ತರಕಾರಿ ಮಾತ್ರ ಕಾಣುವ ಕರಿಯಲ್ಲೂ ದನ ಇಲ್ಲವೇ ಹಂದಿಯ ಕೊಬ್ಬು ಇರುತ್ತದೆ. ಆಲೂ ಫ್ರೈಸ್ ಪರವಾಗಿಲ್ಲ ಅನ್ನೋಣವೆಂದರೆ ಕೋಳಿ ಕರಿದ ಎಣ್ಣೆಯೇ ಅದಕ್ಕೂ. ಮನೆಯ ತಿಂಡಿ ಒಯ್ಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಚಿತ್ರಾನ್ನವನ್ನೋ ಚಪಾತಿಯನ್ನೋ ಡಬ್ಬಿಗೆ ಹಾಕಿಕೊಳ್ಳಿ. ಆಗಸ್ಟ್ ಸೆಕೆಯಲ್ಲಿ ಮೊಸರನ್ನಕ್ಕೆ ಐಸ್ ಪ್ಯಾಕ್ ಇಡದಿದ್ದರೆ ಹಾಫ್ ಟೈಮ್ ಹೊತ್ತಿಗೆ ಹುಳಿ. ಕೊಂಬಿನಿಯ ಓನಿಗಿರಿ, ಅಂದರೆ ಅನ್ನದ ಉಂಡೆ, ಕೊಳ್ಳುವುದಾದರೆ ಬರೀ ಉಪ್ಪಿನದು ಅಥವಾ ಉಮೆ ಎಂಬ ಹುಳಿ ಹಣ್ಣಿನದು ನೋಡಿ, ಹಿಂದಿನ ಚೀಟಿಯಲ್ಲಿ ಕತ್ಸುಓ ಅಂತ ಇದ್ದರೆ ಅದು ಮೀನು. ಗಾಜಿನ ಬಾಟಲಿ, ಕ್ಯಾನ್ ಒಳಗೆ ಬಿಡುವುದಿಲ್ಲ. ಗೇಟಿನಲ್ಲೇ ಪೇಪರ್ ಲೋಟಕ್ಕೆ ಸುರಿಸುತ್ತಾರೆ. ಒಳಗಿನ ಕೆಲವು ಅಂಗಡಿಗಳಲ್ಲಿ ನಗದು ನಡೆಯುವುದಿಲ್ಲ. ಕಸವನ್ನು ಸುಡುವುದು, ಪ್ಲಾಸ್ಟಿಕ್ ಬಾಟಲಿ ಅಂತ ಬೇರೆ ಮಾಡಿ ಹಾಕಬೇಕು.

ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚುವಂತಿಲ್ಲ, ಹಿಂದಿನವರಿಗೆ ಅಡ್ಡ. ಮೂವರಿಗೂ ಪೊಂಚೋ ಇರಲಿ, ಜೊತೆಗೆ ಬ್ಯಾಗು ಮುಚ್ಚಲು 45 ಲೀಟರಿನ ಕಸದ ಚೀಲವೊಂದು.

ಹೊರದೇಶದವರ ವಿಷಯ ಮುಚ್ಚಿಟ್ಟು ಹೇಳುವುದು ಸರಿಯಲ್ಲ. 2014ರ ಮಾರ್ಚ್ 8ರಂದು ಸೈತಾಮಾದ ಗೋಲ್ ಹಿಂದಿನ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ 'ಜಪಾನೀಯರಿಗೆ ಮಾತ್ರ' ಎಂಬ ಇಂಗ್ಲಿಷ್ ಬ್ಯಾನರ್ ಕಟ್ಟಿದ್ದರು, ಆಟ ಮುಗಿಯುವವರೆಗೂ ಕ್ಲಬ್ ಅದನ್ನು ತೆಗೆಸಲಿಲ್ಲ. ಲೀಗ್ ಶಿಕ್ಷೆಯಾಗಿ ಮಾರ್ಚ್ 23ರ ಉರಾವಾ ಪಂದ್ಯವನ್ನು ಒಬ್ಬ ಪ್ರೇಕ್ಷಕನೂ ಇಲ್ಲದೆ ಆಡಿಸಿತು. ಜೆ ಲೀಗಿನಲ್ಲಿ ಅಂಥದ್ದು ಅದೇ ಮೊದಲು. 2023ರ ಆಗಸ್ಟ್‌ನಲ್ಲಿ ಅದೇ ಕ್ಲಬ್ಬಿನ ಕೆಲವರು ನಗೋಯಾದಲ್ಲಿ ದಾಂಧಲೆ ಮಾಡಿದ್ದಕ್ಕೆ ಮುಂದಿನ ವರ್ಷದ ಎಂಪರರ್ಸ್ ಕಪ್ ಎಂಬ ರಾಷ್ಟ್ರೀಯ ಟೂರ್ನಿಯಿಂದಲೇ ತಂಡವನ್ನು ಹೊರಗಿಟ್ಟರು. ಹಾಗಂತ ಹೆದರಬೇಕಿಲ್ಲ. ನಂಬರ್ ಸೀಟಿನಲ್ಲಿ ಪಕ್ಕದ ಅಜ್ಜಿ ಮಗಳಿಗೆ ಚಾಕಲೇಟ್ ಕೊಡುವ ಸಂಭವವೇ ಹೆಚ್ಚು. ಏನಾದರೂ ಕಿರಿಕಿರಿ ಆದರೆ ವಾದಕ್ಕೆ ಇಳಿಯದೆ ಸ್ಟಾಫ್‌ಗೆ ಸೀಟ್ ನಂಬರ್ ಹೇಳಿ.

ವಾಪಸು ಬರುವ ಗದ್ದಲಕ್ಕೂ ಸಿದ್ಧತೆ ಬೇಕು. ರೈಲಿಗೆ ಬಳಸುವ ಸುಯಿಕಾ ಕಾರ್ಡಿಗೆ ಹೋಗುವಾಗಲೇ ಹಿಂದಿರುಗುವ ದುಡ್ಡನ್ನೂ ತುಂಬಿಸಿ, ಆಟ ಮುಗಿದ ಮೇಲೆ ಆ ಮಷೀನಿನ ಮುಂದೆ ನಿಲ್ಲುವುದು ಶಿಕ್ಷೆ. ಮಗಳು ಇರುವುದರಿಂದ ಸಂಜೆ 7ರ ಪಂದ್ಯ ಬಿಟ್ಟು ಮಧ್ಯಾಹ್ನದ್ದು ಆರಿಸಿ. ಮುಗಿದ ಮೇಲೆ ಆಟಗಾರರು ಮೈದಾನ ಸುತ್ತಿ ಸ್ಟ್ಯಾಂಡುಗಳಿಗೆ ತಲೆಬಾಗುತ್ತಾರೆ. ಅದನ್ನು ನೋಡಿ ಅರ್ಧ ಗಂಟೆ ಕೂತಿದ್ದು ಹೊರಟರೆ ತೊಬಿತಾಕ್ಯೂ ಪ್ಲಾಟ್‌ಫಾರ್ಮಿನ ನೂಕುನುಗ್ಗಲು ಇಳಿದಿರುತ್ತದೆ.