ಪ್ರತಿಕ್ರಿಯೆ: ಶಾಸಕರಲ್ಲದವರು ಸಚಿವರಾಗುವುದು ಹೇಗೆ?

ಮಾನ್ಯರೇ, ಮೂರು ಬಾರಿ ಗೆದ್ದ ನಿಮ್ಮ ಕ್ಷೇತ್ರದ ಶಾಸಕರನ್ನು ಬಿಟ್ಟು, ಯಾವ ಸದನದ ಸದಸ್ಯರೂ ಅಲ್ಲದವರಿಗೆ ಸಚಿವ ಸ್ಥಾನ ಕೊಡಲು ಕಾನೂನಿನಲ್ಲಿ ಅವಕಾಶವಿದೆಯೇ ಎಂದು ಕೇಳಿದ್ದೀರಿ. ಅವಕಾಶವಿದೆ. ಸಂವಿಧಾನದ 164ನೇ ವಿಧಿಯಂತೆ ಮುಖ್ಯಮಂತ್ರಿಯ ಸಲಹೆಯ ಮೇರೆಗೆ ರಾಜ್ಯಪಾಲರು ಸಚಿವರನ್ನು ನೇಮಿಸುತ್ತಾರೆ. ಸದಸ್ಯರಲ್ಲದವರು ಆರು ತಿಂಗಳೊಳಗೆ ವಿಧಾನಸಭೆಗೋ ವಿಧಾನ ಪರಿಷತ್ತಿಗೋ ಆಯ್ಕೆಯಾಗದಿದ್ದರೆ ಸ್ಥಾನ ಕಳೆದುಕೊಳ್ಳುತ್ತಾರೆ. 2023ರ ಮೇ 27ರಂದು ಪ್ರಮಾಣವಚನ ಸ್ವೀಕರಿಸಿದ ಎನ್.ಎಸ್. ಬೋಸರಾಜು ಅವರು ಆಗ ಯಾವ ಸದನದಲ್ಲೂ ಇರಲಿಲ್ಲ, ಮರುತಿಂಗಳೇ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು.

ಗೆದ್ದ ಸಲ ಎಷ್ಟು ಎಂಬುದಕ್ಕೆ ಸಂವಿಧಾನದಲ್ಲಿ ಯಾವ ಮನ್ನಣೆಯೂ ಇಲ್ಲ. 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲದ ಗಾತ್ರ ವಿಧಾನಸಭೆಯ ಸದಸ್ಯಬಲದ ಶೇ. 15ರಷ್ಟು ಮಾತ್ರ ಇರಬಹುದಾದ್ದರಿಂದ, 224 ಸದಸ್ಯರ ನಮ್ಮ ಸಭೆಯ ಲೆಕ್ಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಸ್ಥಾನಗಳಿವೆ. ಇಷ್ಟರಲ್ಲೇ ಜಿಲ್ಲೆ, ಜಾತಿ, ಹಿರಿತನ, ಪಕ್ಷದೊಳಗಿನ ಬಣ ಎಲ್ಲವನ್ನೂ ಸರಿದೂಗಿಸಬೇಕಾಗುತ್ತದೆ. ರಾಷ್ಟ್ರೀಯ ಪಕ್ಷಗಳಲ್ಲಂತೂ ಪಟ್ಟಿ ದೆಹಲಿಯ ವರಿಷ್ಠರ ಒಪ್ಪಿಗೆ ಪಡೆದ ಮೇಲೆಯೇ ರಾಜಭವನ ತಲುಪುತ್ತದೆ. ಬೇರೆ ಜಿಲ್ಲೆಯ ಅದೇ ಸಮುದಾಯದ ಹಿರಿಯರೊಬ್ಬರು ಮೊದಲೇ ಪಟ್ಟಿಯಲ್ಲಿದ್ದರೆ, ನಿಮ್ಮ ಶಾಸಕರಿಗೆ ಸಾಮಾನ್ಯವಾಗಿ ಉಳಿಯುವುದು ನಿಗಮ ಮಂಡಳಿಯೊಂದರ ಅಧ್ಯಕ್ಷಗಿರಿ.