ವೇರಿಯೋ ಕೂಗಿದೊಡನೆ ತಿರುಗಬೇಡಿ

ಪ್ರಶ್ನೆ: ಗ್ಲೈಡರ್ (ಎಂಜಿನ್ನಿಲ್ಲದ ವಿಮಾನ) ಹಾರಿಸುವ ಕಾಂಡೋರ್ ಸಿಮ್ಯುಲೇಟರಿನಲ್ಲಿ, ಏರಿಳಿತದ ವೇಗ ತೋರಿಸುವ ವೇರಿಯೋಮೀಟರ್ (ವೇರಿಯೋ) ಕೂಗಿದ ಕೂಡಲೇ ತಿರುಗುತ್ತೇನೆ, ಅರ್ಧ ಸುತ್ತಿನಲ್ಲೇ ಥರ್ಮಲ್ (ಮೇಲೇಳುವ ಬಿಸಿಗಾಳಿ) ಕೈತಪ್ಪುತ್ತದೆ. ದುಬಾರಿ ಜಾಯ್‌ಸ್ಟಿಕ್ ಕೊಳ್ಳಬೇಕೇ? (ಕೋಥ್ರೂಡ್, ಪುಣೆ)

ಉತ್ತರ: ಬೇಡ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರೆಲ್ಲ ಉಪಕರಣವನ್ನು ದೂರುತ್ತಾರೆ, ತಾವು ಯಾವ ವೇಗದಲ್ಲಿ ಎಷ್ಟು ವಾಲಿಸಿ ತಿರುಗಿದೆವೆಂದು ಮಾತ್ರ ಯಾರೂ ಬರೆಯುವುದಿಲ್ಲ. ಕಾರಣ ಇರುವುದೇ ಅಲ್ಲಿ. ಗಂಟೆಗೆ 120 ಕಿ.ಮೀ. ವೇಗದಲ್ಲಿ 30 ಡಿಗ್ರಿ ವಾಲಿಸಿದರೆ ನಿಮ್ಮ ವೃತ್ತದ ತ್ರಿಜ್ಯ ಸುಮಾರು 196 ಮೀಟರ್ ಆಗುತ್ತದೆ. ವೇಗವನ್ನು 90ಕ್ಕೆ ಇಳಿಸಿ 45 ಡಿಗ್ರಿ ವಾಲಿಸಿದರೆ ಸುಮಾರು 64 ಮೀಟರ್ ಸಾಕು. ಥರ್ಮಲಿನ ಬಲವಾದ ತಿರುಳು ಕಿರಿದಾಗಿದ್ದರೆ ಮೊದಲನೆಯ ವೃತ್ತ ಅದರ ಹೊರಗೇ ಸುತ್ತುತ್ತದೆ.

ವೇಗ ಇಳಿಸುವಾಗಲೂ ಮೋಸಹೋಗಬೇಡಿ. 120ರಿಂದ 90ಕ್ಕೆ ಬರಲು ಕೋಲನ್ನು ಎಳೆದಾಗ ಗ್ಲೈಡರು ತನ್ನ ವೇಗವನ್ನೇ ಖರ್ಚು ಮಾಡಿ ಸುಮಾರು 25 ಮೀಟರ್ ಮೇಲೇರುತ್ತದೆ. ಆ ಏರಿಕೆಯನ್ನು ಸರಿದೂಗಿಸದ ಸಾದಾ ವೇರಿಯೋ ಅದನ್ನೂ ಥರ್ಮಲ್ ಎಂದೇ ಕೂಗುತ್ತದೆ. ಜೊತೆಗೆ ಮುಳ್ಳು ತಡವಾಗಿ ಚಲಿಸುತ್ತದೆ. ಎರಡು ಸೆಕೆಂಡು ತಡವಾದರೆ 90 ಕಿ.ಮೀ. ವೇಗದಲ್ಲಿ ನೀವು 50 ಮೀಟರ್ ಮುಂದೆ ಸಾಗಿರುತ್ತೀರಿ. ಆದ್ದರಿಂದ ಏರಿಕೆ ನಿಜವೇ ಎಂದು ಒಂದೆರಡು ಸೆಕೆಂಡು ನೋಡಿ, ಯಾವ ರೆಕ್ಕೆ ಮೇಲೆತ್ತಿತೋ ಆ ಕಡೆಗೆ ತಿರುಗಿ. ಅನಂತರ ಏರಿಕೆ ಹೆಚ್ಚುತ್ತಿರುವಾಗ ವಾಲನ್ನು ತುಸು ಕಡಿಮೆ ಮಾಡಿ, ಕುಗ್ಗುತ್ತಿರುವಾಗ ಹೆಚ್ಚಿಸಿ. ವೃತ್ತವು ತಾನಾಗಿಯೇ ತಿರುಳಿನ ಕಡೆಗೆ ಸರಿಯುತ್ತದೆ.

ರಡ್ಡರನ್ನು (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಸಿಮ್ಯುಲೇಟರೇ ನಡೆಸುವ ಸ್ವಯಂಚಾಲಿತ ಸೆಟ್ಟಿಂಗನ್ನು ಇಂದೇ ತೆಗೆದುಹಾಕಿ. ಗ್ಲೈಡರಿನ ಉದ್ದ ರೆಕ್ಕೆಗಳಿಂದಾಗಿ, ಎಡಕ್ಕೆ ವಾಲಿಸಿದಾಗ ಮೂಗು ಮೊದಲು ಬಲಕ್ಕೆ ಎಳೆಯುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ತೋರಿಸುವ, ಗಾಜಿನ ಮೇಲಿನ ಉಣ್ಣೆದಾರದ ತುದಿಯೂ ಬಲಕ್ಕೆ ಹೋಗುತ್ತದೆ. ಆಗ ಎಡ ರಡ್ಡರ್ ಒತ್ತಬೇಕು. ಪೆಡಲಿಲ್ಲದಿದ್ದರೆ ತಿರುಚುವ ಜಾಯ್‌ಸ್ಟಿಕ್ಕೇ ಸಾಕು. ‘ಗುಟ್ಟಿನ ಸೆಟ್ಟಿಂಗ್’ ಎಂದು ಹಣಕ್ಕೆ ಮಾರುವವರ ಮಾತಿಗೆ ಮರುಳಾಗಬೇಡಿ. ಈ ದಾರವನ್ನು ನೇರವಾಗಿ ನಿಲ್ಲಿಸುವ ಕೆಲಸವನ್ನು ಯಾವ ಸೆಟ್ಟಿಂಗೂ ನಿಮ್ಮ ಕಾಲಿಗೆ ಕಲಿಸುವುದಿಲ್ಲ.

ನೆಲದಿಂದ 300 ಮೀಟರಿಗಿಂತ ಕೆಳಗೆ ಥರ್ಮಲ್ ಹುಡುಕುವುದನ್ನು ನಾನು ಪರದೆಯ ಮೇಲೂ ಒಪ್ಪುವುದಿಲ್ಲ. 45 ಡಿಗ್ರಿ ವಾಲಿನಲ್ಲಿ ಸ್ಟಾಲ್ ವೇಗವು (ಇದಕ್ಕಿಂತ ನಿಧಾನವಾದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ) ಸುಮಾರು ಶೇ. 19ರಷ್ಟು ಏರುತ್ತದೆ, ಅಷ್ಟು ಕೆಳಗೆ ಸ್ಪಿನ್ ಆದರೆ (ಗಿರಗಿರನೆ ಸುತ್ತುತ್ತ ಬಿದ್ದರೆ) ಸರಿಪಡಿಸಿಕೊಳ್ಳಲು ಎತ್ತರ ಸಾಲದೆ ಹೋಗಬಹುದು. ಮನೆಯಲ್ಲಿ ರೂಢಿಯಾದದ್ದು ಮೈದಾನದಲ್ಲೂ ಕೈಗೆ ಬರುತ್ತದೆ. ಈ ವಿಷಯದಲ್ಲಿ ನನ್ನನ್ನು ಅತಿ ಎಚ್ಚರಿಕೆಯವನೆಂದು ಕರೆದರೂ ಚಿಂತೆಯಿಲ್ಲ.

ಪ್ರಶ್ನೆ: ಗಾಳಿ ಜೋರಾಗಿದ್ದಷ್ಟೂ ಗ್ಲೈಡರಿಗೆ ಒಳ್ಳೆಯದಲ್ಲವೇ? (ಮಡಗಾಂವ್)

ಉತ್ತರ: ಅಲ್ಲ. ಗಾಳಿ ಬೆಟ್ಟದ ಇಳಿಜಾರಿಗೆ ಎದುರಾಗಿ ಬಡಿದರೆ ಆ ಮಗ್ಗುಲಲ್ಲಿ ಮಾತ್ರ ಏರಿಕೆ ಸಿಗುತ್ತದೆ. ಹಿಂಬದಿಯಲ್ಲಿ ಕುಸಿತವಿರುತ್ತದೆ, ಬಯಲಿನಲ್ಲಿ ಅದೇ ಗಾಳಿ ಥರ್ಮಲನ್ನು ಹರಿದುಹಾಕುತ್ತದೆ.

ಪ್ರಶ್ನೆ: ಸಿಮ್ಯುಲೇಟರಿನಲ್ಲಿ ನೂರು ಗಂಟೆ ಹಾರಿದ್ದೇನೆ. ಪುಣೆಯ ಹಡಪ್ಸರದ ಗ್ಲೈಡಿಂಗ್ ಕೇಂದ್ರದಲ್ಲಿ ನೇರವಾಗಿ ಒಬ್ಬನೇ ಹಾರಬಹುದೇ? (ಡೊಂಬಿವಲಿ)

ಉತ್ತರ: ಖಂಡಿತ ಇಲ್ಲ. ಮನೆಯ ಕಂಪ್ಯೂಟರಿನ ಗಂಟೆಗಳು ಲಾಗ್‌ಬುಕ್ಕಿಗೆ ಸೇರುವುದಿಲ್ಲ. ಎರಡು ಆಸನದ ಗ್ಲೈಡರಿನಲ್ಲಿ ಬೋಧಕರೊಡನೆ ಮೊದಲಿನಿಂದ ಕಲಿಯಿರಿ.